ಎಣಿಕೆ ಸದನದಲ್ಲೇ ಆಗಲಿ

ಬೊಮ್ಮಾಯಿ ಪ್ರಕರಣದ ತೀರ್ಪು ಬಂದು ಮೂರು ದಶಕ ದಾಟಿದೆ. ರಾಜ್ಯ ಸರ್ಕಾರಗಳನ್ನು ಮನಸ್ಸಿಗೆ ಬಂದಾಗ ಕಿತ್ತುಹಾಕುವ ಚಾಳಿಗೆ ಅದು ಕಡಿವಾಣ ಹಾಕಿತು. ಆದರೆ ಜನರ ತೀರ್ಮಾನವನ್ನು ಬದಿಗೆ ಸರಿಸುವ ಹೊಸ ದಾರಿಗಳು ಅಂದಿನಿಂದಲೂ ತೆರೆದುಕೊಳ್ಳುತ್ತಲೇ ಇವೆ. ದೆಹಲಿಯಲ್ಲಿ ಮಾತ್ರವಲ್ಲ, ವಿಧಾನಸೌಧದಲ್ಲೂ.

1989ರ ಏಪ್ರಿಲ್ 20ರಂದು ಕರ್ನಾಟಕದ ಸಚಿವ ಸಂಪುಟ ಸೇರಿ, ವಾರದೊಳಗೆ, ಅಂದರೆ 27ರಂದು, ವಿಧಾನಸಭೆಯ ಅಧಿವೇಶನ ಕರೆಯಲು ತೀರ್ಮಾನಿಸಿತು. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅಂದೇ ಕಾನೂನು ಸಚಿವರೊಡನೆ ಹೋಗಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರನ್ನು ಕಂಡು ವಿಷಯ ತಿಳಿಸಿದರು. ನಮಗೆ ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲಿ ತೀರ್ಮಾನವಾಗಲಿ, ಬೇಕಿದ್ದರೆ ಅಧಿವೇಶನವನ್ನು ಇನ್ನೂ ಮುಂಚೆ ಕರೆಯಲೂ ಸಿದ್ಧ ಎಂದರು. ಇದೇ ಮಾತನ್ನು ಟೆಲೆಕ್ಸ್ ಮೂಲಕ ರಾಷ್ಟ್ರಪತಿಯವರಿಗೂ ಮುಟ್ಟಿಸಿದರು. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು, ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು.

ಇದಕ್ಕೆಲ್ಲ ಆಧಾರ ಹತ್ತೊಂಬತ್ತು ಪತ್ರಗಳು. ಏಪ್ರಿಲ್ 15ರಂದು ಬೊಮ್ಮಾಯಿ ಹದಿಮೂರು ಮಂದಿಯನ್ನು ಸೇರಿಸಿಕೊಂಡು ಸಂಪುಟ ವಿಸ್ತರಿಸಿದ್ದರು. ಜನತಾ ಪಕ್ಷ ಮತ್ತು ಲೋಕದಳ ಕೂಡಿ ಜನತಾ ದಳವಾದ ಹೊಸತು. ಒಳಗೊಳಗೇ ಅಸಮಾಧಾನ ಹೊಗೆಯಾಡುತ್ತಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ಮೊಳಕೇರಿ ಎಂಬ ಶಾಸಕರು ಪಕ್ಷ ತೊರೆದು, ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎಂದು ಶಾಸಕರು ಬರೆದರೆನ್ನಲಾದ ಪತ್ರಗಳ ಕಂತೆಯನ್ನು ರಾಜಭವನಕ್ಕೆ ಒಪ್ಪಿಸಿದರು. ರಾಜ್ಯಪಾಲರು 19ರಂದೇ ದೆಹಲಿಗೆ ವರದಿ ಬರೆದರು. 20ರಂದು ಅದೇ ಹತ್ತೊಂಬತ್ತು ಮಂದಿಯಲ್ಲಿ ಏಳು ಶಾಸಕರು, ತಪ್ಪು ಹೇಳಿ ನಮ್ಮಿಂದ ಸಹಿ ಹಾಕಿಸಿಕೊಳ್ಳಲಾಗಿದೆ, ನಾವು ಸರ್ಕಾರದ ಜತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ರಾಜ್ಯಪಾಲರು ಎರಡನೆಯ ವರದಿ ಕಳಿಸಿದರು. ಏಳು ಮಂದಿಯ ಮನಸ್ಸು ಬದಲಾಗಿದ್ದು ಮುಖ್ಯಮಂತ್ರಿಯ ಒತ್ತಡದಿಂದ ಎಂಬುದು ಅದರ ಸಾರ.

ರಾಜ್ಯಪಾಲರು ಮಾಡಿದ್ದೇನು ಎಂಬುದನ್ನು ಸುಪ್ರೀಂ ಕೋರ್ಟ್ ಮುಂದೆ ಬಿಡಿಸಿ ಬರೆದಿದೆ. ಪತ್ರಗಳ ಸಹಿ ಅಸಲಿಯೇ ಎಂದು ವಿಧಾನಸಭಾ ಸಚಿವಾಲಯದಿಂದ ಪರಿಶೀಲನೆ ಮಾಡಿಸಿದರು, ಅಷ್ಟೆ. ಸಹಿ ಹಾಕಿದ ಒಬ್ಬ ಶಾಸಕರನ್ನೂ ಎದುರು ಕೂರಿಸಿಕೊಂಡು ಕೇಳಲಿಲ್ಲ. ಮೊದಲ ಪತ್ರ ಸ್ವಇಚ್ಛೆಯಿಂದ ಬರೆದದ್ದು, ಎರಡನೆಯದು ಬಲವಂತದ್ದು ಎಂದು ತಾವೇ ತೀರ್ಮಾನಿಸಿಬಿಟ್ಟರು. ನಾಲ್ಕು ಕೋಟಿಗೂ ಹೆಚ್ಚು ಜನಸಂಖ್ಯೆಯ ರಾಜ್ಯದ ಸರ್ಕಾರ ಹೋಗಬೇಕೋ ಉಳಿಯಬೇಕೋ ಎಂಬ ಲೆಕ್ಕ ಒಂದು ಕಚೇರಿಯ ಕೋಣೆಯಲ್ಲಿ, ಸಹಿಗಳ ಮೇಲೆ ಮುಗಿದುಹೋಯಿತು.

ನಾನು ಈ ಲೇಖನದಲ್ಲಿ ಹೇಳಬೇಕಾಗಿರುವುದು ಇದೊಂದೇ: ಪ್ರಜಾಪ್ರಭುತ್ವದಲ್ಲಿ ಎಣಿಕೆ ಎಷ್ಟು ಮುಖ್ಯವೋ, ಆ ಎಣಿಕೆ ಎಲ್ಲಿ ನಡೆಯುತ್ತದೆ ಎಂಬುದೂ ಅಷ್ಟೇ ಮುಖ್ಯ. ರಾಜ್ಯಗಳ ಒಕ್ಕೂಟವಾದ ನಮ್ಮ ದೇಶದಲ್ಲಿ ಸಂವಿಧಾನದ ಜಗಳಗಳು ಹೆಚ್ಚಿನಂಶ ಇದೇ ಪ್ರಶ್ನೆಯ ಸುತ್ತ ನಡೆದಿವೆ.

ಕೊಟ್ಟದ್ದೂ ಕಾಯ್ದಿರಿಸಿಕೊಂಡದ್ದೂ

1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಂವಿಧಾನ ರಚನಾ ಸಭೆಯ ಮುಂದಿಡುತ್ತಾ ಡಾ. ಬಿ.ಆರ್. ಅಂಬೇಡ್ಕರ್ ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಭಾರತದ ಒಕ್ಕೂಟ ರಾಜ್ಯಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ್ದಲ್ಲ. ಆದ್ದರಿಂದ ಯಾವ ರಾಜ್ಯಕ್ಕೂ ಹೊರಗೆ ಹೋಗುವ ಹಕ್ಕಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಹಾಗಲ್ಲ. ಅದರ ಒಪ್ಪಂದದ 50ನೇ ವಿಧಿಯಲ್ಲೇ ಹೊರಹೋಗುವ ಬಾಗಿಲಿದೆ, 2020ರ ಜನವರಿ 31ರಂದು ಬ್ರಿಟನ್ ಅದರ ಮೂಲಕವೇ ಹೊರನಡೆಯಿತು. ನಮ್ಮಲ್ಲಿ ಆ ಬಾಗಿಲೇ ಇಲ್ಲ. ಬಾಗಿಲಿಲ್ಲದ ಮನೆಯಲ್ಲಿ ಒಳಗಿರುವವರ ಹಕ್ಕುಗಳು ಇನ್ನಷ್ಟು ಗಟ್ಟಿಯಾಗಿರಬೇಕು ಎಂಬುದು ನನ್ನ ನಂಬಿಕೆ.

ಕನ್ನಡಿಗರಿಗೆ ಈ ಮಾತು ಪುಸ್ತಕದ ಸಂಗತಿಯಲ್ಲ. ಸ್ವಾತಂತ್ರ್ಯ ಬಂದಾಗ ಮೈಸೂರು ಪ್ರತ್ಯೇಕ ಸಂಸ್ಥಾನ. ಜಯಚಾಮರಾಜ ಒಡೆಯರ್ ಅವರು ವಿಲೀನ ಪತ್ರಕ್ಕೆ ಸಹಿ ಹಾಕಿದ ಮೇಲೂ ಜವಾಬ್ದಾರಿ ಸರ್ಕಾರ ಬೇಕೆಂದು ಜನ ಬೀದಿಗಿಳಿಯಬೇಕಾಯಿತು. ‘ಮೈಸೂರು ಚಲೋ’ ಚಳವಳಿಯ ಬಿಸಿಗೆ ಅರಮನೆ ಮಣಿದು, 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ನೇತೃತ್ವದ ಸರ್ಕಾರ ಬಂತು. ಮೈಸೂರಿಗೆ ತನ್ನದೇ ಸಂವಿಧಾನ ರಚನಾ ಸಭೆಯೂ ಇತ್ತು. ಭಾರತದ ಸಂವಿಧಾನವೇ ನಮ್ಮದೂ ಆಗಲಿ ಎಂದು ಆ ಸಭೆ ಒಪ್ಪಿತು, 1949ರ ನವೆಂಬರ್ 25ರಂದು ಮಹಾರಾಜರು ಅದನ್ನು ಘೋಷಿಸಿದರು. ಅತ್ತ ಧಾರವಾಡ, ಬೆಳಗಾವಿ, ವಿಜಯಪುರದವರು ಮುಂಬಯಿ ಪ್ರಾಂತದಲ್ಲಿ, ದಕ್ಷಿಣ ಕನ್ನಡದವರು ಮದ್ರಾಸಿನಲ್ಲಿ, ಕಲಬುರಗಿ, ಬೀದರ್, ರಾಯಚೂರಿನವರು ಹೈದರಾಬಾದಿನಲ್ಲಿ, ಕೊಡಗಿನವರು ತಮ್ಮದೇ ಪುಟ್ಟ ರಾಜ್ಯದಲ್ಲಿ. 1956ರ ನವೆಂಬರ್ 1ರಂದು ಇವರೆಲ್ಲ ಒಂದಾದದ್ದು ಸಂಸತ್ತಿನ ಕಾಯ್ದೆಯಿಂದ.

ಹೊಸ ರಾಜ್ಯ ಮಾಡುವುದು, ಗಡಿ ಬದಲಿಸುವುದು, ಹೆಸರು ಬದಲಿಸುವುದು ಸಂಸತ್ತಿನ ಕೈಯಲ್ಲಿದೆ. ಸಂಬಂಧಪಟ್ಟ ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಲೇಬೇಕೆಂದಿಲ್ಲ. ಈ 3ನೇ ವಿಧಿಯನ್ನು ಕುರಿತು ನಮ್ಮ ನಿಲುವಿನಲ್ಲಿ ಪ್ರಾಮಾಣಿಕತೆ ಇರಬೇಕು. ಬೆಳಗಾವಿಗಾಗಿ 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದಾಗ ಕರ್ನಾಟಕ ಆಶ್ರಯಿಸಿದ್ದು ಇದೇ ವಿಧಿಯನ್ನು: ಗಡಿ ತೀರ್ಮಾನಿಸುವುದು ಸಂಸತ್ತು ಮಾತ್ರ ಎಂದು. 2019ರ ಆಗಸ್ಟಿನಲ್ಲಿ ಜಮ್ಮು-ಕಾಶ್ಮೀರ ರಾಜ್ಯವನ್ನು ಎರಡು ಕೇಂದ್ರಾಡಳಿತ ಪ್ರದೇಶಗಳಾಗಿ ಒಡೆದದ್ದೂ ಇದೇ ವಿಧಿಯ ಬಲದಿಂದ. ಆಗ ಅಲ್ಲಿ ರಾಷ್ಟ್ರಪತಿ ಆಳ್ವಿಕೆ ಇತ್ತು, ವಿಧಾನಸಭೆ ಇರಲಿಲ್ಲ. ಆ ರಾಜ್ಯದ ಪರವಾಗಿ ಅಭಿಪ್ರಾಯ ಹೇಳಿದ್ದೂ ಸಂಸತ್ತು, ಆ ಅಭಿಪ್ರಾಯ ಪಡೆದು ಕಾನೂನು ಮಾಡಿದ್ದೂ ಸಂಸತ್ತು. 2023ರ ಡಿಸೆಂಬರ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 370ನೇ ವಿಧಿಯ ರದ್ದತಿಯನ್ನು ಎತ್ತಿಹಿಡಿಯಿತು. ಆದರೆ ಒಂದು ಇಡೀ ರಾಜ್ಯವನ್ನು ಕೇಂದ್ರಾಡಳಿತ ಪ್ರದೇಶವಾಗಿ ಇಳಿಸಬಹುದೇ ಎಂಬ ಪ್ರಶ್ನೆಗೆ, ರಾಜ್ಯದ ಸ್ಥಾನಮಾನ ಮರಳಿ ಕೊಡುತ್ತೇವೆಂಬ ಕೇಂದ್ರದ ಭರವಸೆಯನ್ನು ನೆಚ್ಚಿ, ಉತ್ತರ ಕೊಡದೆ ಬಿಟ್ಟಿತು. ಉತ್ತರ ಕೊಡಬೇಕಿತ್ತು. ಇಂದು ಒಬ್ಬರಿಗೆ ಅನ್ವಯವಾದದ್ದು ನಾಳೆ ಇನ್ನೊಬ್ಬರಿಗೂ ಅನ್ವಯವಾಗುತ್ತದೆ.

ಮಂಗಳೂರಿನ ಕಾಮತರ ಎಚ್ಚರಿಕೆ

ರಾಷ್ಟ್ರಪತಿ ಆಳ್ವಿಕೆಗೆ ದಾರಿ ಮಾಡುವ 356ನೇ ವಿಧಿಯ ಬೇರು ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೆಯ 93ನೇ ಕಲಮಿನಲ್ಲಿದೆ. ಪ್ರಾಂತಗಳಿಗೆ ಅಧಿಕಾರ ಕೊಟ್ಟಂತೆ ಮಾಡಿ, ಬೇಡವೆನಿಸಿದಾಗ ಗವರ್ನರ್ ಕೈಗೇ ಎಲ್ಲವನ್ನೂ ಒಪ್ಪಿಸುವ ಏರ್ಪಾಡು ಅದು. ವಸಾಹತು ಆಡಳಿತದ ಈ ಕಲಮು ಸ್ವತಂತ್ರ ದೇಶದ ಸಂವಿಧಾನಕ್ಕೂ ಬೇಕೇ ಎಂಬುದು 1949ರ ಆಗಸ್ಟಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ದೊಡ್ಡ ಚರ್ಚೆಯಾಯಿತು. ಅತ್ಯಂತ ಕಟುವಾಗಿ ವಿರೋಧಿಸಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಒಬ್ಬರು. ರಾಜ್ಯಪಾಲರ ವರದಿ ಇಲ್ಲದೆಯೂ ಬೇರೆ ರೀತಿಯಲ್ಲಿ ಮನವರಿಕೆಯಾದರೆ ರಾಷ್ಟ್ರಪತಿ ಕ್ರಮ ಕೈಗೊಳ್ಳಬಹುದು ಎಂಬ ಅವಕಾಶ ಅವರಿಗೆ ದುರುಳತನದ್ದಾಗಿ ಕಂಡಿತು. ಅದನ್ನು ತೆಗೆದುಹಾಕಿ ಎಂದು ಅಂಗಲಾಚಿದರು. ತೆಗೆಯಲಿಲ್ಲ. ಈ ವಿಧಿ ಬಳಕೆಗೇ ಬಾರದೆ ಸತ್ತಂತೆ ಉಳಿಯಲಿ ಎಂಬ ಆಶಯವನ್ನು ಅಂಬೇಡ್ಕರ್ ವ್ಯಕ್ತಪಡಿಸಿದರು.

ಅದು 1951ರಲ್ಲೇ ಪಂಜಾಬಿನಲ್ಲಿ ಬಳಕೆಗೆ ಬಂತು. 1959ರ ಜುಲೈ 31ರಂದು ಕೇರಳದ ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರ ಹೋಯಿತು. 1977ರಲ್ಲಿ ಜನತಾ ಪಕ್ಷ ದೆಹಲಿಯ ಗದ್ದುಗೆ ಏರಿ ಕಾಂಗ್ರೆಸ್ಸಿನ ಒಂಬತ್ತು ರಾಜ್ಯ ಸರ್ಕಾರಗಳನ್ನು ಕಿತ್ತುಹಾಕಿತು. 1980ರಲ್ಲಿ ಇಂದಿರಾ ಗಾಂಧಿ ಮರಳಿ ಬಂದು ಒಂಬತ್ತಕ್ಕೆ ಒಂಬತ್ತು ಲೆಕ್ಕ ಚುಕ್ತಾ ಮಾಡಿದರು. ಲೋಕಸಭೆಯಲ್ಲಿ ಸೋತವರು ರಾಜ್ಯದಲ್ಲೂ ಜನರ ವಿಶ್ವಾಸ ಕಳೆದುಕೊಂಡಂತೆಯೇ ಎಂಬುದು ಎರಡೂ ಕಡೆಯವರ ವಾದ. ಈ ವಾದ ಒಪ್ಪಿದರೆ ರಾಜ್ಯದ ಚುನಾವಣೆಗೆ ಅರ್ಥವೇ ಇರುವುದಿಲ್ಲ.

ಕರ್ನಾಟಕ ಇದುವರೆಗೆ ಆರು ಬಾರಿ ರಾಷ್ಟ್ರಪತಿ ಆಳ್ವಿಕೆ ಕಂಡಿದೆ. 1977ರ ಡಿಸೆಂಬರ್ 31ರಂದು ದೇವರಾಜ ಅರಸು ಸರ್ಕಾರವನ್ನು ವಜಾ ಮಾಡಿದ್ದು ಕೇಂದ್ರದ ಜನತಾ ಸರ್ಕಾರ. ಎರಡೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಮತದಾರರು 149 ಸ್ಥಾನ ಕೊಟ್ಟು ಅರಸರನ್ನು ಮತ್ತೆ ಕೂರಿಸಿದರು. ಹನ್ನೊಂದು ವರ್ಷದ ನಂತರ ಜನತಾ ಪರಿವಾರದ ಮುಖ್ಯಮಂತ್ರಿಗೇ ಅದೇ ಗತಿ ಬಂತು, ಆಗ ದೆಹಲಿಯಲ್ಲಿದ್ದದ್ದು ಕಾಂಗ್ರೆಸ್. 356ನೇ ವಿಧಿಯ ಚರಿತ್ರೆಯನ್ನು ಒಂದು ಪಕ್ಷದ ಪಾಪವೆಂದು ಹೇಳುವವರು ಅರ್ಧ ಚರಿತ್ರೆ ಹೇಳುತ್ತಾರೆ.

ಇಲ್ಲಿ ರಾಮಕೃಷ್ಣ ಹೆಗಡೆಯವರನ್ನು ನೆನೆಯಲೇಬೇಕು. 1983ರ ಮಾರ್ಚಿನಲ್ಲಿ ಅವರು ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿನಲ್ಲಿ ಒಂದೆಡೆ ಸೇರಿಸಿದರು. ಎನ್.ಟಿ. ರಾಮರಾವ್, ಎಂ.ಜಿ. ರಾಮಚಂದ್ರನ್ ಬಂದಿದ್ದರು. ರಾಜ್ಯಗಳ ಹಣಕಾಸು, ಅಧಿಕಾರಗಳ ಬಗ್ಗೆ ಪಕ್ಷಭೇದ ಮರೆತು ಮಾತಾಡಿದರು. ಕೆಲವೇ ದಿನಗಳಲ್ಲಿ ಇಂದಿರಾ ಗಾಂಧಿ, ಕೇಂದ್ರ-ರಾಜ್ಯ ಸಂಬಂಧಗಳ ಪರಾಮರ್ಶೆಗೆ ನ್ಯಾಯಮೂರ್ತಿ ಆರ್.ಎಸ್. ಸರ್ಕಾರಿಯಾ ಆಯೋಗವನ್ನು ಪ್ರಕಟಿಸಿದರು. 356ನೇ ವಿಧಿ ಕಟ್ಟಕಡೆಯ ಅಸ್ತ್ರವಾಗಬೇಕು, ಸರ್ಕಾರದ ಬಲಾಬಲ ಸದನದಲ್ಲೇ ಪರೀಕ್ಷೆಯಾಗಬೇಕು ಎಂದು ಆಯೋಗ ಹೇಳಿತು. 1989ರ ಆ ದಿನ ಬೊಮ್ಮಾಯಿಯವರು ರಾಜ್ಯಪಾಲರ ಗಮನಕ್ಕೆ ತಂದದ್ದು ಈ ಶಿಫಾರಸನ್ನೇ.

ಒಂಬತ್ತು ನ್ಯಾಯಮೂರ್ತಿಗಳು

ಬೊಮ್ಮಾಯಿ ಸುಮ್ಮನೆ ಕೂರಲಿಲ್ಲ. ವೃತ್ತಿಯಿಂದ ವಕೀಲರು, ಎಂ.ಎನ್. ರಾಯ್ ಅವರ ವಿಚಾರಗಳನ್ನು ನೆಚ್ಚಿಕೊಂಡು ಬಂದವರು. ವಜಾ ಆದ ಐದೇ ದಿನಕ್ಕೆ, ಏಪ್ರಿಲ್ 26ರಂದು, ಕರ್ನಾಟಕ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಸಲ್ಲಿಸಿದರು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅರ್ಜಿಯನ್ನು ವಜಾ ಮಾಡಿತು. ಸದನದಲ್ಲಿ ಬಲಾಬಲ ಪರೀಕ್ಷೆ ಕಡ್ಡಾಯವೇನಲ್ಲ ಎಂಬುದು ಹೈಕೋರ್ಟಿನ ಅಭಿಪ್ರಾಯ. ಬೊಮ್ಮಾಯಿ ಸುಪ್ರೀಂ ಕೋರ್ಟಿಗೆ ಹೋದರು. ನಾಗಾಲ್ಯಾಂಡ್, ಮೇಘಾಲಯದ ಪ್ರಕರಣಗಳು, 1992ರಲ್ಲಿ ಬಾಬರಿ ಮಸೀದಿ ಧ್ವಂಸವಾದ ಮೇಲೆ ವಜಾಗೊಂಡ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶ ಸರ್ಕಾರಗಳ ಪ್ರಕರಣಗಳು ಇದರ ಜತೆ ಸೇರಿದವು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು.

ಆ ತೀರ್ಪು ನೂರಾರು ಪುಟಗಳದ್ದು, ಬೇರೆಬೇರೆ ಅಭಿಪ್ರಾಯಗಳದ್ದು. ಬಹುಮತದ ತಿರುಳು ಇಷ್ಟು. ರಾಷ್ಟ್ರಪತಿಯ ಘೋಷಣೆ ನ್ಯಾಯಾಲಯದ ಪರಿಶೀಲನೆಗೆ ಹೊರತಲ್ಲ. ಮಂತ್ರಿಮಂಡಲ ಕೊಟ್ಟ ಸಲಹೆ ಏನೆಂದು ಕೇಳುವಂತಿಲ್ಲವಾದರೂ ಆ ಸಲಹೆಗೆ ಆಧಾರವಾದ ಸಾಮಗ್ರಿಯನ್ನು ಕೋರ್ಟ್ ತರಿಸಿ ನೋಡಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಇಡಬಹುದು. ಘೋಷಣೆ ಅಸಿಂಧುವಾದರೆ ವಜಾಗೊಂಡ ಸರ್ಕಾರವನ್ನು ಕೋರ್ಟ್ ಮತ್ತೆ ಕೂರಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಬಹುಮತದ ಪರೀಕ್ಷೆ ನಡೆಯಬೇಕಾದ ಜಾಗ ಸದನ, ರಾಜ್ಯಪಾಲರ ಖಾಸಗಿ ಅಭಿಪ್ರಾಯವಲ್ಲ. ಒಕ್ಕೂಟ ವ್ಯವಸ್ಥೆ ಮತ್ತು ಜಾತ್ಯತೀತತೆ ಎರಡೂ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದವು ಎಂದೂ ಪೀಠ ಸಾರಿತು. ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯದ ಘೋಷಣೆಗಳು ಸಂವಿಧಾನಬಾಹಿರ ಎಂದಿತು. ಉಳಿದ ಮೂರು ರಾಜ್ಯಗಳ ಘೋಷಣೆಗಳನ್ನು ಎತ್ತಿಹಿಡಿಯಿತು.

ಬೊಮ್ಮಾಯಿ ಗೆದ್ದರು. ಆದರೆ 1989ರ ಕೊನೆಯಲ್ಲೇ ಚುನಾವಣೆ ಮುಗಿದು, 178 ಸ್ಥಾನ ಗೆದ್ದ ಕಾಂಗ್ರೆಸ್ಸಿನಿಂದ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿದ್ದರು. ಐದು ವರ್ಷ ತಡವಾಗಿ ಬಂದ ಜಯದಿಂದ ಅವರಿಗೆ ಯಾವ ಅಧಿಕಾರವೂ ಮರಳಲಿಲ್ಲ. ಲಾಭವಾದದ್ದು ಮುಂದೆ ಬಂದ ಮುಖ್ಯಮಂತ್ರಿಗಳಿಗೆ, ಎಲ್ಲ ಪಕ್ಷದವರಿಗೆ. 1997ರಲ್ಲಿ ಉತ್ತರ ಪ್ರದೇಶದ ವಿಷಯದಲ್ಲಿ, 1998ರಲ್ಲಿ ಬಿಹಾರದ ವಿಷಯದಲ್ಲಿ ಕೇಂದ್ರ ಸಂಪುಟ ಮಾಡಿದ ಶಿಫಾರಸನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಮರುಪರಿಶೀಲನೆಗೆ ವಾಪಸು ಕಳಿಸಿದರು. 1999ರಲ್ಲಿ ಬಿಹಾರದ ರಾಬ್ಡಿ ದೇವಿ ಸರ್ಕಾರವನ್ನು ವಜಾ ಮಾಡಿದ ವಾಜಪೇಯಿ ಸರ್ಕಾರ, ರಾಜ್ಯಸಭೆಯಲ್ಲಿ ಒಪ್ಪಿಗೆ ಸಿಗುವುದಿಲ್ಲವೆಂದು ತಿಳಿದು ಆದೇಶ ಹಿಂಪಡೆಯಿತು. 2016ರಲ್ಲಿ ಉತ್ತರಾಖಂಡ, ಅರುಣಾಚಲ ಪ್ರದೇಶಗಳ ಸರ್ಕಾರಗಳು ಕೋರ್ಟಿನ ಮೂಲಕ ಮರಳಿ ಬಂದವು. ಬೊಮ್ಮಾಯಿ ತೀರ್ಪಿಗೆ ಮುಂಚೆ ಇಂಥದ್ದು ಊಹೆಗೂ ನಿಲುಕದ ಮಾತು.

ಬೊಮ್ಮಾಯಿ ತೀರಿಕೊಂಡದ್ದು 2007ರ ಅಕ್ಟೋಬರ್ 10ರಂದು. ಅದರ ಹಿಂದಿನ ದಿನವೇ ಕರ್ನಾಟಕದಲ್ಲಿ ಮತ್ತೆ ರಾಷ್ಟ್ರಪತಿ ಆಳ್ವಿಕೆ ಜಾರಿಯಾಗಿತ್ತು. ಈ ಬಾರಿ ಕಾರಣ ದೆಹಲಿಯಲ್ಲ, ಮಿತ್ರಪಕ್ಷಗಳು ಅಧಿಕಾರ ಹಸ್ತಾಂತರದ ಮಾತು ಮುರಿದುಕೊಂಡದ್ದು.

ಬಾಗಿಲು ಮುಚ್ಚಿದರೆ ಕಿಟಕಿ

2018ರ ಮೇ ತಿಂಗಳು ನೆನಪಿರಬಹುದು. ಅತಂತ್ರ ವಿಧಾನಸಭೆ, ಬಿಜೆಪಿಗೆ 104. ಕಾಂಗ್ರೆಸ್, ಜೆಡಿಎಸ್ ಕೈ ಜೋಡಿಸಿ ಬಹುಮತ ತೋರಿಸಿದ್ದರೂ ರಾಜ್ಯಪಾಲ ವಜುಭಾಯಿ ವಾಲಾ ಅವರು ಬಿ.ಎಸ್. ಯಡಿಯೂರಪ್ಪ ಅವರನ್ನು ಕರೆದು, ಬಹುಮತ ಸಾಬೀತಿಗೆ ಹದಿನೈದು ದಿನ ಕೊಟ್ಟರು. ಮೇ 16ರ ನಡುರಾತ್ರಿ ಕಳೆದ ಮೇಲೆ ಸುಪ್ರೀಂ ಕೋರ್ಟಿನ ಬಾಗಿಲು ತೆರೆಯಿತು, ಬೆಳಗಿನ ಜಾವದವರೆಗೂ ವಿಚಾರಣೆ ನಡೆಯಿತು. ಪ್ರಮಾಣವಚನಕ್ಕೆ ತಡೆ ಸಿಗಲಿಲ್ಲ. ಆದರೆ ಹದಿನೈದು ದಿನದ ಗಡುವು ಹಾರಿಹೋಗಿ, ಮೇ 19ರ ಸಂಜೆ 4 ಗಂಟೆಗೆ ಸದನದಲ್ಲಿ ಬಲಾಬಲ ಪರೀಕ್ಷೆ ಎಂದು ಆದೇಶವಾಯಿತು. ಇಡೀ ರಾಜ್ಯ ಟಿ.ವಿ. ಮುಂದೆ ಕೂತಿತ್ತು. ಸಂಖ್ಯೆ ಕೂಡಿಬರದೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಹದಿನೈದು ದಿನ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮರುವರ್ಷ ಎಣಿಕೆಯ ಜಾಗ ಮತ್ತೆ ಬದಲಾಯಿತು. 2019ರ ಜುಲೈನಲ್ಲಿ ಆಡಳಿತ ಪಕ್ಷಗಳ ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ಮುಂಬೈಯ ಹೋಟೆಲ್ ಸೇರಿದರು. ಉಳಿದವರನ್ನು ಅವರವರ ಪಕ್ಷಗಳೇ ರೆಸಾರ್ಟುಗಳಲ್ಲಿ ಕೂಡಿಹಾಕಿದವು. ವಿಶ್ವಾಸಮತದ ಚರ್ಚೆ ನಡೆಯುತ್ತಿದ್ದಾಗಲೇ, ಜುಲೈ 19ರ ಮಧ್ಯಾಹ್ನ 1.30ರೊಳಗೆ ಮುಗಿಸಿ ಎಂದು ರಾಜ್ಯಪಾಲರು ಮುಖ್ಯಮಂತ್ರಿಗೆ ಪತ್ರ ಬರೆದರು. ಆ ಹೊತ್ತು ಮೀರಿದಾಗ ದಿನ ಮುಗಿಯುವುದರೊಳಗೆ ಎಂದು ಇನ್ನೊಂದು ಪತ್ರ. ಸದನ ಎರಡನ್ನೂ ಒಪ್ಪಲಿಲ್ಲ. 23ರಂದು ಮತಕ್ಕೆ ಹಾಕಿದಾಗ ಪರವಾಗಿ 99, ವಿರುದ್ಧ 105. ಎಚ್.ಡಿ. ಕುಮಾರಸ್ವಾಮಿ ಸರ್ಕಾರ ಬಿತ್ತು. ಬೊಮ್ಮಾಯಿ ತೀರ್ಪು ಹೇಳಿದಂತೆ ಎಣಿಕೆ ಸದನದಲ್ಲೇ ನಡೆಯಿತು ಎನ್ನಬಹುದು. ಆದರೆ ಎಣಿಕೆಗೆ ಬರಬೇಕಾದವರೇ ಸದನದಲ್ಲಿ ಇರಲಿಲ್ಲ. ಸ್ಪೀಕರ್ ಅವರು 17 ಶಾಸಕರನ್ನು ಅನರ್ಹಗೊಳಿಸಿದರು. ಅನರ್ಹತೆಯನ್ನು ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಎತ್ತಿಹಿಡಿದರೂ, ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸುವಂತಿಲ್ಲ ಎಂಬ ಸ್ಪೀಕರ್ ಆದೇಶದ ಭಾಗವನ್ನು ತೆಗೆದುಹಾಕಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಹೊಸ ಪಕ್ಷದಿಂದ ಗೆದ್ದು ಬಂದರು, ಹಲವರು ಮಂತ್ರಿಗಳೂ ಆದರು. 1985ರ ಪಕ್ಷಾಂತರ ನಿಷೇಧ ಕಾಯ್ದೆಗೆ ಇದಕ್ಕಿಂತ ದೊಡ್ಡ ಸೋಲು ಬೇರೆ ಬೇಕಿಲ್ಲ. ಪಕ್ಷಾಂತರಕ್ಕಾಗಿ ಅನರ್ಹರಾದವರು ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಮಂತ್ರಿಯಾಗಕೂಡದು, ಸ್ಪರ್ಧಿಸಲೂ ಕೂಡದು ಎಂಬ ಸ್ಪಷ್ಟ ತಿದ್ದುಪಡಿ ಬರುವವರೆಗೆ ಇದು ನಿಲ್ಲುವುದಿಲ್ಲ.

ಇನ್ನೊಂದು ದಾರಿ ಮಸೂದೆಗಳದ್ದು. ಸರ್ಕಾರವನ್ನು ವಜಾ ಮಾಡಬೇಕಾಗಿಯೇ ಇಲ್ಲ. ಸದನ ಅಂಗೀಕರಿಸಿ ಕಳಿಸಿದ ಮಸೂದೆಗಳಿಗೆ ರಾಜ್ಯಪಾಲರು ಅಂಕಿತ ಹಾಕದೆ ಇಟ್ಟುಕೊಂಡರೆ ಸಾಕು. ತಮಿಳುನಾಡಿನ ಹತ್ತು ಮಸೂದೆಗಳ ಪ್ರಕರಣದಲ್ಲಿ 2025ರ ಏಪ್ರಿಲ್ 8ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ರಾಜ್ಯಪಾಲರಿಗೂ ರಾಷ್ಟ್ರಪತಿಗೂ ಕಾಲಮಿತಿ ಹಾಕಿತು, ಆ ಹತ್ತಕ್ಕೂ ಅಂಕಿತ ಬಿದ್ದಂತೆಯೇ ಎಂದು ಘೋಷಿಸಿತು. ರಾಷ್ಟ್ರಪತಿಯವರು ಹದಿನಾಲ್ಕು ಪ್ರಶ್ನೆಗಳನ್ನು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳಿಸಿದರು. ಕರ್ನಾಟಕವೂ ಅಲ್ಲಿ ವಾದ ಮಂಡಿಸಿತ್ತು. ನವೆಂಬರ್ 20ರಂದು ಸಂವಿಧಾನ ಪೀಠ, ಕಾಲಮಿತಿ ವಿಧಿಸುವುದು ಕೋರ್ಟಿನ ಕೆಲಸವಲ್ಲ, ತಾನಾಗಿಯೇ ಅಂಕಿತ ಬಿದ್ದಂತೆ ಭಾವಿಸುವುದಕ್ಕೆ ಸಂವಿಧಾನದಲ್ಲಿ ಜಾಗವಿಲ್ಲ ಎಂದಿತು. ಆದರೆ ರಾಜ್ಯಪಾಲರು ಅನಿರ್ದಿಷ್ಟ ಕಾಲ ಕೈಕಟ್ಟಿ ಕೂರುವಂತಿಲ್ಲ, ಕಾರಣವಿಲ್ಲದ ದೀರ್ಘ ವಿಳಂಬವಾದರೆ ತೀರ್ಮಾನ ತೆಗೆದುಕೊಳ್ಳಿ ಎಂದಷ್ಟೇ ಕೋರ್ಟ್ ಹೇಳಬಹುದು ಎಂದೂ ಸೇರಿಸಿತು. ಸಂವಿಧಾನದ ಅಕ್ಷರಕ್ಕೆ ಈ ಅಭಿಪ್ರಾಯ ಹತ್ತಿರವಿರಬಹುದು. ರಾಜ್ಯಗಳ ದಿನನಿತ್ಯದ ಸಂಕಟಕ್ಕೆ ಇದರಲ್ಲಿ ಪರಿಹಾರವಿಲ್ಲ. ಸಂಸತ್ತೇ ಸಂವಿಧಾನದ 200ನೇ ವಿಧಿಗೆ ತಿದ್ದುಪಡಿ ತಂದು ಕಾಲಮಿತಿ ಬರೆಯಬೇಕು.

ಬರ ಪರಿಹಾರಕ್ಕೆ ಕೋರ್ಟಿನ ಮೆಟ್ಟಿಲು

ಹಣದ ಮಾತನ್ನು ಬಿಟ್ಟು ಒಕ್ಕೂಟದ ಮಾತಾಡುವಂತಿಲ್ಲ. 2023ರ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯಿಂದ 18,171 ಕೋಟಿ ರೂಪಾಯಿ ಕೇಳಿತು. ಕೇಂದ್ರದ ತಂಡ ಬಂತು, ಹೊಲ ನೋಡಿತು, ವರದಿ ಕೊಟ್ಟಿತು. ಹಣ ಬರಲಿಲ್ಲ. 2024ರ ಮಾರ್ಚಿನಲ್ಲಿ ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಕೇಂದ್ರ ಮತ್ತು ರಾಜ್ಯ ಹೀಗೆ ಪೈಪೋಟಿಗೆ ಬೀಳಬಾರದು ಎಂಬ ಅರ್ಥದ ಮಾತು ಪೀಠದಿಂದ ಬಂತು. ಏಪ್ರಿಲಿನಲ್ಲಿ, ಲೋಕಸಭಾ ಚುನಾವಣೆಯ ನಡುವೆಯೇ, 3,454 ಕೋಟಿ ಮಂಜೂರಾಯಿತು. ಕೇಳಿದ ಮೊತ್ತ ಹೆಚ್ಚಾಯಿತೋ ಕೊಟ್ಟದ್ದು ಕಡಿಮೆಯಾಯಿತೋ ಎಂಬ ವಾದ ಪಕ್ಷಗಳಿಗಿರಲಿ. ಬಿತ್ತಿದ ಬೀಜ ಕಳೆದುಕೊಂಡ ರೈತನಿಗೆ ಸಲ್ಲಬೇಕಾದ ಪರಿಹಾರಕ್ಕೆ ಒಂದು ಸರ್ಕಾರ ಇನ್ನೊಂದರ ಮೇಲೆ ದಾವೆ ಹೂಡಬೇಕಾಗಿ ಬರುವುದು ಒಕ್ಕೂಟಕ್ಕೆ ಶೋಭೆ ತರುವಂಥದ್ದಲ್ಲ.

ತೆರಿಗೆ ಹಂಚಿಕೆಯಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಶೇ 4.713 ಪಾಲು ಕೊಟ್ಟಿತ್ತು, 15ನೇ ಆಯೋಗದಲ್ಲಿ ಅದು ಶೇ 3.647ಕ್ಕೆ ಇಳಿಯಿತು. ಬಡ ರಾಜ್ಯಗಳಿಗೆ ಹೆಚ್ಚು ಸಿಗಬೇಕು, ಅದರಲ್ಲಿ ತಕರಾರಿಲ್ಲ. ರಾಯಚೂರು, ಯಾದಗಿರಿಗೆ ಬೆಂಗಳೂರಿನ ತೆರಿಗೆ ಹೋಗಬೇಕು ಎನ್ನುವ ನಾವು ಬಿಹಾರದ ವಿಷಯದಲ್ಲಿ ಬೇರೆ ನ್ಯಾಯ ಹೇಳಲಾಗದು. ನನ್ನ ಆಕ್ಷೇಪ ಇರುವುದು ತೀರ್ಮಾನ ಆಗುವ ರೀತಿಗೆ. ಸೆಸ್ಸು, ಸರ್ಚಾರ್ಜುಗಳ ಹಣ ರಾಜ್ಯಗಳೊಂದಿಗೆ ಹಂಚಿಕೆಯಾಗುವ ಬುಟ್ಟಿಗೇ ಬೀಳುವುದಿಲ್ಲ. ಜಿಎಸ್‌ಟಿ ಮಂಡಳಿಯಲ್ಲಿ ಮೂರನೇ ಒಂದು ಭಾಗದಷ್ಟು ಮತಮೌಲ್ಯ ಕೇಂದ್ರದ ಕೈಯಲ್ಲಿದೆ, ನಿರ್ಣಯಕ್ಕೆ ಬೇಕಾದ್ದು ಮುಕ್ಕಾಲು. ಎಂದರೆ ಎಲ್ಲ ರಾಜ್ಯಗಳೂ ಒಂದಾದರೂ ಕೇಂದ್ರ ಒಪ್ಪದೆ ಏನೂ ಆಗದು. ಇದನ್ನು ಸರಿಪಡಿಸಿ ಎಂದು ಕೇಳುವುದು ಪ್ರತ್ಯೇಕತೆಯಲ್ಲ, ಸಂವಿಧಾನದೊಳಗಿನ ಹಕ್ಕಿನ ಮಾತು.

ವಿಧಾನಸೌಧದ ಕೆಳಗೆ

ಈಗ ನಮ್ಮ ಅಂಗಳಕ್ಕೆ ಬರೋಣ. ಕೇಂದ್ರದಿಂದ ಅಧಿಕಾರ ಬೇಡುವ ರಾಜ್ಯ, ತನ್ನ ಕೆಳಗಿನವರಿಗೆ ಎಷ್ಟು ಕೊಟ್ಟಿದೆ?

ಒಂದು ಕಾಲದಲ್ಲಿ ಈ ಪ್ರಶ್ನೆಗೆ ಕರ್ನಾಟಕ ಎದೆ ತಟ್ಟಿ ಉತ್ತರ ಹೇಳಬಹುದಿತ್ತು. ಹೆಗಡೆ ಸಂಪುಟದಲ್ಲಿ ಅಬ್ದುಲ್ ನಜೀರ್ ಸಾಬ್ ತಂದ ಕಾಯ್ದೆ 1983ರದ್ದು. ರಾಷ್ಟ್ರಪತಿಯ ಅಂಕಿತ ಸಿಕ್ಕಿದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರಲ್ಲಿ. ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ನಿಜವಾದ ಅಧಿಕಾರ, ಹಣ, ಸಿಬ್ಬಂದಿ ಬಂತು. ಹೆಣ್ಣುಮಕ್ಕಳಿಗೆ ಕಾಲುಭಾಗ ಸ್ಥಾನ ಮೀಸಲಾಯಿತು. ಕೊಳವೆಬಾವಿ ಕೊರೆಸಿ ಹಳ್ಳಿಗಳಿಗೆ ನೀರು ಕೊಟ್ಟದ್ದಕ್ಕೆ ಜನ ನಜೀರ್ ಸಾಬರನ್ನು ‘ನೀರ್ ಸಾಬ್’ ಎಂದೇ ಕರೆದರು. ಸಂಸತ್ತು 73ನೇ ತಿದ್ದುಪಡಿ ತಂದು, ಇಡೀ ದೇಶಕ್ಕೆ ಪಂಚಾಯತ್ ರಾಜ್ ಅನ್ನು ಸಂವಿಧಾನದ ಮಾತಾಗಿ ಮಾಡುವ ಹೊತ್ತಿಗೆ ಕರ್ನಾಟಕದ ಅನುಭವ ಕಣ್ಣೆದುರಿಗಿತ್ತು.

ಅದೇ ತಿದ್ದುಪಡಿ ಹೇಳುತ್ತದೆ: ಪಂಚಾಯಿತಿಯ ಐದು ವರ್ಷದ ಅವಧಿ ಮುಗಿಯುವ ಮುಂಚೆ ಮುಂದಿನ ಚುನಾವಣೆ ಮುಗಿದಿರಬೇಕು. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಆ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು, ಸರ್ಕಾರ ನೇಮಿಸುವ ಇನ್ನೊಂದು ಆಯೋಗಕ್ಕೆ ಕೊಡಲಾಯಿತು. ಅಲ್ಲಿಂದ ಸೀಮೆಗಳ ಪಟ್ಟಿ, ಮೀಸಲಾತಿ ಪಟ್ಟಿ, ಆಕ್ಷೇಪಣೆ, ಕೋರ್ಟು, ಮತ್ತೆ ಪಟ್ಟಿ. ಬಿಜೆಪಿ ಸರ್ಕಾರ ಹೋಯಿತು, ಕಾಂಗ್ರೆಸ್ ಸರ್ಕಾರ ಬಂತು. ವರ್ಷಗಳು ಉರುಳಿದರೂ ಚುನಾವಣೆ ಇಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅಲ್ಲೂ ಅದೇ ಕತೆ.

ಜಿಲ್ಲಾ ಪಂಚಾಯಿತಿಯ ಅಧ್ಯಕ್ಷರ ಕುರ್ಚಿಯ ಕೆಲಸವನ್ನು ಈಗ ನೋಡಿಕೊಳ್ಳುವವರು ಆಡಳಿತಾಧಿಕಾರಿ. ಅವರು ದಕ್ಷರೂ ಪ್ರಾಮಾಣಿಕರೂ ಇರಬಹುದು. ಆದರೆ ಶಾಲೆಯ ಸೋರುವ ಮಾಡಿನ ಬಗ್ಗೆ, ಕೆಟ್ಟು ನಿಂತ ಕುಡಿಯುವ ನೀರಿನ ಘಟಕದ ಬಗ್ಗೆ ಅವರನ್ನು ಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸುವ ಸದಸ್ಯರು ಯಾರೂ ಇಲ್ಲ. ರಾಷ್ಟ್ರಪತಿ ಆಳ್ವಿಕೆಯನ್ನು ಆರು ತಿಂಗಳಿಗೊಮ್ಮೆ ಸಂಸತ್ತು ಒಪ್ಪಲೇಬೇಕು, ಮೂರು ವರ್ಷ ಮೀರಿ ಮುಂದುವರಿಸುವಂತಿಲ್ಲ. ಆಡಳಿತಾಧಿಕಾರಿ ಆಳ್ವಿಕೆಗೆ ಹಾಗೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ. 2006ರಲ್ಲೇ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ನಡೆಸುವುದು ಸಂವಿಧಾನದ ಆದೇಶ, ತಪ್ಪಿಸಿಕೊಳ್ಳಲು ದಾರಿ ಹುಡುಕಬೇಡಿ ಎಂಬ ಅರ್ಥದಲ್ಲಿ ಖಚಿತವಾಗಿ ಹೇಳಿದೆ.

ದೆಹಲಿಯ ಜಂತರ್ ಮಂತರ್‌ನಲ್ಲಿ 2024ರ ಫೆಬ್ರುವರಿಯಲ್ಲಿ ನಮ್ಮ ಮುಖ್ಯಮಂತ್ರಿ ಮತ್ತು ಮಂತ್ರಿಗಳು ರಾಜ್ಯದ ತೆರಿಗೆ ಪಾಲಿಗಾಗಿ ಧರಣಿ ಕೂತಾಗ ಅವರ ವಾದದಲ್ಲಿ ಹುರುಳಿತ್ತು. ಅದೇ ವಾದವನ್ನು ಹಿಡಿದು ಜಿಲ್ಲಾ ಪಂಚಾಯಿತಿಯ ಮಾಜಿ ಸದಸ್ಯರು ವಿಧಾನಸೌಧದ ಮುಂದೆ ಕೂತರೆ ಉತ್ತರವೇನು? ಮೇಲಿನವರು ಕೊಡುವುದಿಲ್ಲ ಎಂದು ದೂರುವ ನೈತಿಕ ಬಲ ಬರುವುದು ಕೆಳಗಿನವರಿಗೆ ಕೊಟ್ಟಾಗ. ಈ ಮಾತು ಆಡಳಿತ ಪಕ್ಷಕ್ಕೆ ಎಷ್ಟು ಸಲ್ಲುತ್ತದೋ, ಅಧಿಕಾರದಲ್ಲಿದ್ದಾಗ ಚುನಾವಣೆ ಮುಂದೂಡಿ ಈಗ ವಿರೋಧ ಪಕ್ಷದ ಸಾಲಿನಲ್ಲಿ ಕೂತವರಿಗೂ ಅಷ್ಟೇ ಸಲ್ಲುತ್ತದೆ.

ಓದುಗರಲ್ಲಿ ಒಂದು ಮನವಿ. ನಿಮ್ಮ ಕ್ಷೇತ್ರದ ಶಾಸಕರು ಮದುವೆಗೋ ಜಾತ್ರೆಗೋ ಗುದ್ದಲಿ ಪೂಜೆಗೋ ಊರಿಗೆ ಬಂದೇ ಬರುತ್ತಾರೆ. ರಸ್ತೆ, ಚರಂಡಿಯ ಜತೆಗೆ ಎರಡು ಪ್ರಶ್ನೆ ಕೇಳಿ: ಜಿಲ್ಲಾ ಪಂಚಾಯಿತಿ ಚುನಾವಣೆಯ ದಿನಾಂಕಕ್ಕಾಗಿ ನೀವು ಸದನದಲ್ಲಿ ಏನು ಮಾತಾಡಿದ್ದೀರಿ? ಪಕ್ಷ ಬಿಟ್ಟು ಅನರ್ಹರಾದವರು ಮಂತ್ರಿಯಾಗದಂತೆ ತಡೆಯುವ ತಿದ್ದುಪಡಿಗೆ ನಿಮ್ಮ ಬೆಂಬಲ ಇದೆಯೇ? ಉತ್ತರವನ್ನು ಬರೆದಿಟ್ಟುಕೊಳ್ಳಿ, ಅವರು ಮತ ಕೇಳಲು ಬರುವ ದಿನ ಅವರಿಗೇ ಓದಿ ಹೇಳಿ.